ಒಡ್ಡಿನ ಮೇಲಿನ ಕಾಡೆಳ್ಳಿನಲ್ಲಿ ಬೀಜ ಕಮ್ಮಿ. ಕಾಂಗ್ರೆಸ್ ಗಿಡದ ಹೂವು ಜೇನ್ನೊಣಗಳನ್ನು ಸೆಳೆದುಕೊಳ್ಳುತ್ತಿದೆ ಅನಿಸುತ್ತೆ. ಜೇನುಪೆಟ್ಟಿಗೆ ಇಡಲಾ?

ಪೆಟ್ಟಿಗೆ ಬೇಡ. ಆ ದುಡ್ಡು ಉಳಿಸಿ.

ಎಂಎಸ್ಸಿ ಎರಡನೇ ವರ್ಷ ನಾನೂ ಇದೇ ಲೆಕ್ಕ ಹಾಕಿದ್ದೆ. ಜೇವರ್ಗಿ ಕಡೆ ಒಂದು ತೊಗರಿ ಹೊಲ. ಒಡ್ಡಿನ ಮೇಲೆ ಕಾಡೆಳ್ಳು, ಅದರ ಸುತ್ತ ಸೊಂಟದೆತ್ತರ ಕಾಂಗ್ರೆಸ್. ಒಂದು ವಾರ ಕೂತು ಜೇನ್ನೊಣ ಎಣಿಸಿದೆ. ಎಳ್ಳಿನ ಹೂವಿಗೂ ಬೇಕಾದಷ್ಟು ಬರುತ್ತಿದ್ದವು. ಮೈಗೆ ಯಾರ ಪರಾಗ ಮೆತ್ತಿಕೊಂಡು ಬರುತ್ತಿವೆ ಅನ್ನೋದನ್ನು ಮಾತ್ರ ನಾನು ನೋಡಿರಲಿಲ್ಲ.

ನಿಜವಾದ ಪೈಪೋಟಿ ನಡೆಯೋದು ಹೂವಿನ ಶಲಾಕಾಗ್ರದ ಮೇಲೆ, ಅಂದರೆ ಪರಾಗ ಬಂದು ಕೂರುವ ತುದಿಯ ಮೇಲೆ. ಎಳ್ಳಿನಲ್ಲಿ ಅದು ಎರಡಾಗಿ ಸೀಳಿದ, ಅಂಟಂಟಾದ ಪುಟ್ಟ ತುದಿ. ಒಂದು ಬೀಜಕ್ಕೆ ಸ್ವಂತ ಜಾತಿಯ ಒಂದು ಪರಾಗ ಕಣ ಬೇಕು. ಅದು ನಳಿಕೆ ಬೆಳೆಸಿಕೊಂಡು ಅಂಡಾಶಯದವರೆಗೆ ಇಳಿಯಬೇಕು. ಸ್ವಂತ ಪರಾಗ ಜಾಸ್ತಿ ಬಿದ್ದರೆ ನಳಿಕೆಗಳ ನಡುವೆ ಓಟ, ಬೇಗ ಬೆಳೆದದ್ದು ಗೆಲ್ಲುತ್ತೆ. ಪರಕೀಯ ಪರಾಗ ಮೊದಲೇ ಕೂತರೆ ಜಾಗವೇ ಇಲ್ಲ. ಕಾಂಗ್ರೆಸ್‌ದಂತೂ ಸುಮ್ನೆ ಕೂರೋದಿಲ್ಲ. ಅದರ ಪರಾಗ ಬೇರೆ ಗಿಡಗಳ ಶಲಾಕಾಗ್ರದ ಮೇಲೆ ಬಿದ್ದರೆ ಕಾಯಿಕಟ್ಟು ಕೆಡುತ್ತದೆ ಎಂದು ಬೆಂಗಳೂರಿನ ಸಂಶೋಧಕರಾದ ಸುಖದಾ ಮತ್ತು ಜಯಚಂದ್ರ 1980ರಲ್ಲೇ ತೋರಿಸಿದ್ದರು.

ಅದನ್ನೇ ಕಾಡೆಳ್ಳಿನಲ್ಲಿ ನೋಡೋಣ ಅಂತ ಹೊರಟೆ. ಎಳ್ಳಿನ ಹೂವಲ್ಲಿ ಒಂದು ಅನುಕೂಲ ಇದೆ. ಪರಾಗ ಹೊರುವ ಕೇಸರಗಳು ದಳದ ಕೊಳವೆಗೇ ಅಂಟಿರುತ್ತವೆ. ಸಂಜೆ, ನಾಳೆ ಅರಳುವ ಮೊಗ್ಗಿನ ದಳ ಮೆಲ್ಲಗೆ ಎಳೆದರೆ ಕೇಸರವೂ ಜೊತೆಗೇ ಬರುತ್ತೆ. ಶಲಾಕಾಗ್ರ ಹೊತ್ತು ಉಳಿದ ಕಡ್ಡಿಗೆ, ಜೇನ್ನೊಣ ಮುಟ್ಟದ ಹಾಗೆ, ತಂಪು ಪಾನೀಯದ ಸ್ಟ್ರಾ ತುಂಡು ತೊಡಿಸಿ, ಮೇಲಿನ ತುದಿ ಮಡಚಿದರೆ ಸಾಕು. ಬೆಳಿಗ್ಗೆ ಸ್ಟ್ರಾ ತೆಗೆದು ಅರ್ಧದಷ್ಟು ಹೂಗಳಿಗೆ ಕಾಂಗ್ರೆಸ್ ಪರಾಗ, ಆಮೇಲೆ ಎಳ್ಳಿನ ಪರಾಗ. ಇನ್ನರ್ಧಕ್ಕೆ ಬರೀ ಎಳ್ಳಿನದು. ಹೊಲದ ಯಜಮಾನರು ಬಂದು, "ಏನ್ರಿ ಸರ, ಹೂವಿಗಿ ಬಣ್ಣ ಹಚ್ಚಲಾಕತ್ತೀರೇನು?" ಅಂದಿದ್ದರು.

ಬಣ್ಣ ಹಚ್ಚಿದ್ದರೂ ಆಗುತ್ತಿತ್ತು. ಎರಡು ಗುಂಪಿಗೂ ನಾನು ಬಳಸಿದ್ದು ಒಂದೇ ಬ್ರಷ್. ಕಾಂಗ್ರೆಸ್ ಹಚ್ಚಿ, ಕರವಸ್ತ್ರಕ್ಕೆ ಒರೆಸಿ, ಅದರಲ್ಲೇ ಎಳ್ಳಿನದು ಹಚ್ಚಿದೆ. ಬ್ರಷ್ಷಿನ ಕೂದಲ ಸಂದಿಯಲ್ಲಿ ಕೂತ ಪರಾಗ ಒರೆಸಿದರೆ ಹೋಗೋದಿಲ್ಲ. ಕಣ್ಣಿಗೆ ಬ್ರಷ್ ಶುಭ್ರವಾಗೇ ಕಾಣುತ್ತೆ, ಅದೇ ಮೋಸ. ನೀರಲ್ಲಿ ತೊಳೆದು ಹಸಿಯಾಗೇ ಬಳಸಿದರೆ ಇನ್ನೂ ಕೆಟ್ಟದ್ದು, ನೀರು ಕುಡಿದ ಪರಾಗ ಒಡೆದುಹೋಗುತ್ತೆ. ಅಂದರೆ ನನ್ನ "ಶುದ್ಧ" ಹೂಗಳಿಗೂ ಕಾಂಗ್ರೆಸ್ ಬಿದ್ದಿತ್ತು. ಎರಡೂ ಗುಂಪಲ್ಲಿ ಬೀಜ ಒಂದೇ ಥರ ಕಮ್ಮಿ. ನಾನು ಧೈರ್ಯವಾಗಿ "ಕಾಂಗ್ರೆಸ್‌ನಿಂದ ಏನೂ ವ್ಯತ್ಯಾಸವಿಲ್ಲ" ಅಂತ ಬರೆದೆ. ಗೈಡ್ ಮೇಡಂ ಕೇಳಿದ್ದು ಒಂದೇ ಮಾತು: "ಬ್ರಷ್ ಎಷ್ಟು ಒಯ್ದಿದ್ದಿ?" ಅಷ್ಟೊತ್ತಿಗೆ ಹೂವಿನ ಕಾಲ ಮುಗಿದಿತ್ತು. ಒಂದು ವರ್ಷ ಹೋಯಿತು. ಮರುವರ್ಷ ಬ್ರಷ್ಷೇ ಬಿಟ್ಟೆ. ಚಿಮಟದಲ್ಲಿ ಕೇಸರವನ್ನೇ ಹಿಡಿದು ಮುಟ್ಟಿಸಿದೆ, ಎರಡು ಜಾತಿಗೆ ಎರಡು ಚಿಮಟ. ಆಗ ಕಾಂಗ್ರೆಸ್ ಬಿದ್ದ ಕಾಯಿಗಳಲ್ಲಿ ಜೊಳ್ಳು ಎದ್ದು ಕಂಡಿತು.

ನಿಮ್ಮ ಮಾತಿಗೆ ಬರೋಣ. ಇನ್ನಷ್ಟು ಜೇನ್ನೊಣ ತಂದರೆ ಅವು ಕಾಂಗ್ರೆಸ್ ಪರಾಗವನ್ನೂ ಇನ್ನಷ್ಟು ತಂದು ಹಾಕಬಹುದು, ಅಲ್ವಾ? ಮೊದಲು ಇಪ್ಪತ್ತು ಹೂವಿಗೆ ಕೈಯಾರೆ, ಬೇರೆ ಕಾಡೆಳ್ಳಿನ ಗಿಡದ ಪರಾಗ ಹೆಚ್ಚುವರಿ ಮುಟ್ಟಿಸಿ. ಪಕ್ಕದ ಇಪ್ಪತ್ತು ಹಾಗೇ ಬಿಡಿ. ಮುಟ್ಟಿಸಿದ್ದರಲ್ಲಿ ಬೀಜ ಜಾಸ್ತಿಯಾದರೆ ಕೊರತೆ ಪರಾಗದ್ದು. ಎರಡೂ ಒಂದೇ ಆದರೆ ನೀರು, ಮಣ್ಣು ನೋಡಿ. ಕಾಂಗ್ರೆಸ್ ಹೇಗಿದ್ದರೂ ಹೂ ಬಿಡುವ ಮುಂಚೆ ಕೀಳಿ, ಕೈಗವಸು ಹಾಕಿಕೊಂಡೇ. ನನ್ನ ಮೊಣಕೈ ಒಳಗೆ ಆ ತುರಿಕೆಯ ಕಲೆ ಇನ್ನೂ ಇದೆ.

ಹೂವಿಗೆ ಕಟ್ಟುವ ಚೀಟಿಯನ್ನು ಪೆನ್ಸಿಲಲ್ಲಿ ಬರೆಯಿರಿ. ಪೆನ್ನಿನದು ಒಂದು ಮಳೆಗೇ ಅಳಿಸಿಹೋಗುತ್ತೆ.