ಡ್ಯೂಟಿಯ ಓಡಾಟವೇ ವ್ಯಾಯಾಮವೇ?

ನಮಸ್ಕಾರ ಅಕ್ಕಾ. ತೀರ್ಥಹಳ್ಳಿ ಕಡೆ ಅಗ್ನಿಶಾಮಕ ದಳದಲ್ಲಿರುವ ನಿಮ್ಮ ಯಜಮಾನರು ‘ಡ್ಯೂಟಿಯ ಓಡಾಟವೇ ಸಾಕು’ ಎನ್ನುತ್ತಾರೆ, ಬೇರೆ ವ್ಯಾಯಾಮ ಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಕು. ಅದೇ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆಸಿದವನಾಗಿ ಹೇಳುತ್ತಿದ್ದೇನೆ.

ನಮ್ಮ ಮಲೆನಾಡಿನ ಮಾರ್ಚ್ ತಿಂಗಳ ಮಧ್ಯಾಹ್ನವನ್ನೇ ನೋಡಿ. ಠಾಣೆಯಲ್ಲಿ ಮೂರು ತಾಸಿನಿಂದ ಕುರ್ಚಿ ಬಿಟ್ಟು ಎದ್ದಿರುವುದಿಲ್ಲ. ಫೋನ್ ಬರುತ್ತದೆ, ಗುಡ್ಡಕ್ಕೆ ಬೆಂಕಿ. ವಾಹನ ಹೋಗುವುದು ಮಣ್ಣುರಸ್ತೆ ಮುಗಿಯುವವರೆಗೆ ಮಾತ್ರ. ಅಲ್ಲಿಂದ ಒಣ ಕರಡದ ಹುಲ್ಲಿನ ಮೇಲೆ ಜಾರುತ್ತಾ, ಕೈಯಲ್ಲಿ ಹಸಿಸೊಪ್ಪಿನ ಕೊಂಬೆ ಹಿಡಿದು, ಹೊಗೆ ಕುಡಿಯುತ್ತಾ ಏರಬೇಕು. ಎದೆ ಡವಡವ ಹೊಡೆದುಕೊಳ್ಳುತ್ತದೆ. ಕುಳಿತೇ ಇದ್ದ ದೇಹದ ಮೇಲೆ ಹೀಗೆ ಒಮ್ಮೆಲೇ ಬೀಳುವ ಹೊರೆಯೇ ಅಪಾಯ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕರ್ತವ್ಯದಲ್ಲಿದ್ದಾಗ ಸತ್ತ ಅಗ್ನಿಶಾಮಕರಲ್ಲಿ ಸುಮಾರು ಶೇ 45ರಷ್ಟು ಮಂದಿಯನ್ನು ಬಲಿ ಪಡೆದದ್ದು ಹೃದ್ರೋಗ. ಬಂದೋಬಸ್ತಿಗೆ ದಿನವಿಡೀ ನಿಲ್ಲುವ ಪೊಲೀಸರಿಗೂ ಇದೇ ಮಾತು ಹೇಳುತ್ತೇನೆ. ನಿಂತು ಕಾಲು ನೋಯುವುದು ವ್ಯಾಯಾಮವಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಜೊತೆಗೆ 2 ದಿನ ಸ್ನಾಯುಗಳಿಗೆ ಕೆಲಸ. ಮಳೆ ಹಿಡಿದರೆ ಜಗುಲಿಯ ಮೆಟ್ಟಿಲು ಹತ್ತಿಳಿಯಲಿ, ಬಸ್ಕಿ ಹೊಡೆಯಲಿ. ರಾತ್ರಿ ಪಾಳಿ ಮುಗಿಸಿ ಬಂದ ದಿನ ಮಾತ್ರ ಮೊದಲು ನಿದ್ದೆ.

ನಲವತ್ತು ದಾಟಿದ್ದರೆ ಶುರು ಮಾಡುವ ಮುನ್ನ ಬಿ.ಪಿ., ಸಕ್ಕರೆ, ಇಸಿಜಿ ಪರೀಕ್ಷೆ ಮಾಡಿಸಿ. ಅವರು ಹಟ ಹಿಡಿದರೆ ನೀವೇ ಚಪ್ಪಲಿ ಮೆಟ್ಟಿ ಅಂಗಳದಲ್ಲಿ ಕಾಯುತ್ತಾ ನಿಲ್ಲಿ. ನನ್ನ ಹೆಂಡತಿ ನನ್ನನ್ನು ಹೊರಡಿಸಿದ್ದು ಹಾಗೆಯೇ.