ಪರದೆ ಕೇಳಿ, ಹೆಣ್ಣುಮಕ್ಕಳ ವಾರ್ಡ್ ಕೇಳಿ

ಕೇಳಬಹುದು ಅಕ್ಕಾರೆ, ಧೈರ್ಯವಾಗಿ ಕೇಳಿ. ಕಲಬುರಗಿಯ ಖಾಸಗಿ ಆಸ್ಪತ್ರೆಯಲ್ಲಿ ನಿಮ್ಮ ತಾಯಿಯನ್ನು ಗಂಡಸರ ನಡುವೆ ಮಲಗಿಸಿದ್ದಾರೆ, ಬೇರೆ ವಾರ್ಡ್ ಕೇಳಿದರೆ ತಪ್ಪಾಗುತ್ತಾ ಅಂದಿದ್ದೀರಲ್ಲ, ತಪ್ಪೇನೂ ಇಲ್ಲ.

ಐಸಿಯುನಲ್ಲಿ ಸಾಮಾನ್ಯವಾಗಿ ಎಲ್ಲರನ್ನೂ ಒಟ್ಟಿಗೇ ಇಡುತ್ತಾರೆ, ಅಲ್ಲಿ ಜೀವ ಮುಖ್ಯ. ಆದರೆ ಪರದೆ ಅಲ್ಲೂ ಬೇಕೇ ಬೇಕು.

ನಮ್ಮವ್ವನಿಗೂ ಹೀಗೇ ಆಗಿತ್ತು. ಪರದೆಯ ಎರಡು ಕೊಂಡಿ ಕಿತ್ತು ಜೋತಾಡುತ್ತಿತ್ತು, ಪಕ್ಕದ ಮಂಚದವರನ್ನು ನೋಡಲು ಬಂದ ಗಂಡಸರು ಅಲ್ಲೇ ನಿಂತಿರುತ್ತಿದ್ದರು, ಅವ್ವ ಮೇ ತಿಂಗಳ ಸೆಕೆಯಲ್ಲೂ ಕುತ್ತಿಗೆವರೆಗೆ ಚಾದರ ಎಳೆದುಕೊಂಡು, ಬೆಡ್‌ಪ್ಯಾನ್ ಕೇಳಲು ನಾಚಿ ನೀರು ಕುಡಿಯೋದನ್ನೇ ಬಿಟ್ಟಿದ್ದಳು. ಅದನ್ನು ನೆನೆಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಾನು ಮೊದಲ ದಿನವೇ ಬಾಯಿ ಬಿಡಬೇಕಿತ್ತು.

ಮೊದಲು ನರ್ಸಮ್ಮನ ಹತ್ತಿರ ಮೆಲ್ಲಗೆ ಹೇಳಿ. ಆಗದಿದ್ದರೆ ಮೇಲಿನವರಿಗೆ ಬರೆದು ಕೊಟ್ಟು, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಮಾನ, ಖಾಸಗಿತನ ಎರಡೂ ಇವೆ. ಗಂಡು ಡಾಕ್ಟರ್ ಮೈ ಮುಟ್ಟಿ ಪರೀಕ್ಷೆ ಮಾಡುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು ಅಂತಲೂ ಕೇಳಬಹುದು. ಅದಕ್ಕೂ ಬಗ್ಗದಿದ್ದರೆ ಖಾಸಗಿ ಆಸ್ಪತ್ರೆಗಳ ದೂರು ಕೇಳುವ ಜಿಲ್ಲಾ ಪ್ರಾಧಿಕಾರವಿದೆ, ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು.

ಇವತ್ತು ರಾತ್ರಿಗೆ ಮನೆಯಿಂದ ಒಂದು ದಪ್ಪ ಚಾದರ, ನಾಲ್ಕು ಪಿನ್ನು ಒಯ್ಯಿರಿ.