ಅಪ್ಪನಿಗೆ ಕೋವಿಡ್, ಎನ್‌ಎಲ್‌ಆರ್ (ನ್ಯೂಟ್ರೋಫಿಲ್, ಲಿಂಫೋಸೈಟ್ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತ) 11ಕ್ಕೆ ಏರಿದೆ. ಹೊರಗಡೆ ಸಿಡಿ4, ಸಿಡಿ8 (ಲಿಂಫೋಸೈಟ್‌ಗಳಲ್ಲೇ ಎರಡು ಬಗೆ) ಟೆಸ್ಟ್ ಮಾಡಿಸಬೇಕಾ?

ಬೇಡ. ಆಕ್ಸಿಜನ್ ಮೇಲಿರುವವರ ರಕ್ತ ಹಿಡಿದು ಹೊರಗಿನ ಲ್ಯಾಬಿಗೆ ಓಡುವ ಯೋಚನೆ ಮೊದಲು ಬಿಡಿ. 2021ರ ಮೇನಲ್ಲಿ ನಾನೂ ಹಾಸನದ ಆಸ್ಪತ್ರೆಯೊಂದರ ಹೊರಗೆ ಮೊಬೈಲಿನಲ್ಲಿ ರಿಪೋರ್ಟ್ ದೊಡ್ಡದು ಮಾಡಿಕೊಂಡು ಕೂತಿದ್ದೆ. ಒಳಗೆ ಸೋದರಮಾವ.

ಅಡ್ಮಿಟ್ ಆದಾಗ ನ್ಯೂಟ್ರೋಫಿಲ್ ಶೇ 74, ಲಿಂಫೋಸೈಟ್ ಶೇ 20. ಭಾಗಿಸಿದರೆ ಎನ್‌ಎಲ್‌ಆರ್ 3.7. ಆಮೇಲಿನ ರಿಪೋರ್ಟಿನಲ್ಲಿ 88 ಮತ್ತು 8, ಅಂದರೆ 11. ಇದು ಏರಿದವರಲ್ಲಿ ಸಾವು ಜಾಸ್ತಿ ಅಂತ ಓದಿದ್ದೆ, ಅದು ಸುಳ್ಳೂ ಅಲ್ಲ. ನಾನು ನೋಡದೇ ಬಿಟ್ಟಿದ್ದು ಮೇಲಿನ ಸಾಲು. ಟೋಟಲ್ ಕೌಂಟ್, ಅಂದರೆ ಒಟ್ಟು ಬಿಳಿ ರಕ್ತಕಣ, 4,000ದಿಂದ 12,000ಕ್ಕೆ ಹೋಗಿತ್ತು. 4,000ಕ್ಕೆ ಶೇ 20 ಅಂದರೆ 800 ಲಿಂಫೋಸೈಟ್, 12,000ಕ್ಕೆ ಶೇ 8 ಅಂದರೆ 960. ಎರಡೂ ಕಮ್ಮಿಯೇ, 1,000ದ ಮೇಲಿರಬೇಕು. ಆದರೆ ಇಳಿದಿರಲಿಲ್ಲ ಕಣ್ರೀ! ನಡುವೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್ ಶುರುವಾಗಿತ್ತು. ಸ್ಟಿರಾಯ್ಡ್ ಬಿದ್ದರೆ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಹರಿಯುವ ರಕ್ತಕ್ಕೆ ಬರುತ್ತವೆ, ಲೆಕ್ಕ ಉಬ್ಬುತ್ತದೆ. ಡ್ಯೂಟಿ ಡಾಕ್ಟರ್ ಇದನ್ನೇ ಹೇಳಿದರು. ನನಗೆ ಜಾರಿಕೊಳ್ಳುತ್ತಿದ್ದಾರೆ ಅನ್ನಿಸಿತು.

ಜಗಳ ಆಡಿ ಬೆಂಗಳೂರಿಗೆ ಹೊರಡಿಸಿದೆ. ಕುಣಿಗಲ್ ಹತ್ತಿರ ಆಂಬುಲೆನ್ಸಿನ ಸಿಲಿಂಡರ್ ಬದಲಿಸುವಷ್ಟರಲ್ಲಿ ಸ್ಯಾಚುರೇಷನ್ 93ರಿಂದ 84ಕ್ಕೆ ಬಿತ್ತು. ವಾರ್ಡಿನಲ್ಲೇ ಮುಗಿಯಬಹುದಾಗಿದ್ದದ್ದು ಐಸಿಯುಗೆ ಹೋಯಿತು. ಮಾವ ಉಳಿದರು, ಅತ್ತೆಯ ಒಡವೆ ಉಳಿಯಲಿಲ್ಲ.

ಕಾಯಿಲೆ ಬಿಗಡಾಯಿಸಿದವರಲ್ಲಿ ಸಿಡಿ4, ಸಿಡಿ8 ಎರಡೂ ಕುಸಿಯುತ್ತವೆ, ಮಾನೋಸೈಟ್ ಅನ್ನುವ ಇನ್ನೊಂದು ಬಿಳಿ ರಕ್ತಕಣದ ಮೇಲಿನ ಎಚ್‌ಎಲ್‌ಎ-ಡಿಆರ್ ಪ್ರೋಟೀನ್ ಕೂಡ. ಸರಿ, ಆ ಅಂಕಿ ಸಿಕ್ಕರೆ ಯಾವ ಔಷಧ ಬದಲಾಗುತ್ತದೆ? ಬ್ರಿಟನ್ನಿನ ರಿಕವರಿ ಅನ್ನುವ ಕೋವಿಡ್ ಔಷಧ ಟ್ರಯಲ್‌ನಲ್ಲಿ ಉರಿಯೂತ ತಗ್ಗಿಸುವ ಟೋಸಿಲಿಜುಮಾಬ್‌ಗೆ ರೋಗಿಗಳನ್ನು ಆರಿಸುವಾಗ ನೋಡಿದ್ದು ಆಕ್ಸಿಜನ್ ಮಟ್ಟ ಮತ್ತು ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ 75 ಮುಟ್ಟಿದೆಯಾ ಅನ್ನುವುದನ್ನು. ಡೆಕ್ಸಾಮೆಥಾಸೋನ್‌ನಿಂದ ಸಾವು ತಗ್ಗಿದ್ದೂ ಆಕ್ಸಿಜನ್ ಬೇಕಿದ್ದವರಲ್ಲಿ. ಬೇಡದವರಿಗೆ ಲಾಭ ಕಾಣಲಿಲ್ಲ.

ರೌಂಡ್ಸಿಗೆ ಬಂದಾಗ ಕೇಳಿ: ನಿನ್ನೆ ಎಷ್ಟು ಲೀಟರ್ ಆಕ್ಸಿಜನ್, ಇವತ್ತೆಷ್ಟು? ನಿಮಿಷಕ್ಕೆ ಉಸಿರು ಎಷ್ಟು? ಸ್ಟಿರಾಯ್ಡ್ ಶುರುವಾದ ತಾರೀಖನ್ನು ರಿಪೋರ್ಟಿನ ಮೇಲೇ ಬರೆದಿಡಿ. ಶುಗರ್ ದಿನಾ ನೋಡುತ್ತಿದ್ದಾರಾ ಅಂತಲೂ ವಿಚಾರಿಸಿ, ಸ್ಟಿರಾಯ್ಡಿಗೆ ಅದು ಏರುತ್ತದೆ. ರಿಪೋರ್ಟನ್ನು ಮಾತ್ರ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ನಮ್ಮಲ್ಲಿ ಆಂಬುಲೆನ್ಸ್ ಬುಕ್ ಆಗಿದ್ದು ಅಲ್ಲಿಂದಲೇ.